ಡಬ್ಬದೊಳಗಿನ ಅಲ್ಲೆಲೂಯ

ಮೂಟೆ ಮೊದಲ ಮೆಟ್ಟಿಲಿಗೆ ಬಡಿದದ್ದೇ ತಡ, ಆಮೇಲೆ ಅದನ್ನು ತಡೆಯುವವರೇ ಇರಲಿಲ್ಲ. ಹನ್ನೊಂದು ಮರದ ಮೆಟ್ಟಿಲುಗಳ ಮೇಲೆ ದಡಬಡ ಉರುಳಿ, ಕೆಳಗಿನ ಮುಚ್ಚಿದ ಬಾಗಿಲಿಗೆ ಹೋಗಿ ಅಪ್ಪಳಿಸಿತು. ಕಿಟಕಿಯ ಗಾಜುಗಳು ಗಿಲಿಗಿಲಿ ಅಂದವು.

ಲಕ್ಷ್ಮಮ್ಮ ಮೇಲಿನ ಮೆಟ್ಟಿಲ ಮೇಲೆ ನಿಂತು ಎಣಿಸತೊಡಗಿದಳು. ಒಂದು. ಎರಡು. ಮೂರು.

ನಾಲ್ಕು ಎನ್ನುವಷ್ಟರಲ್ಲಿ ಬಾಗಿಲು ಹೊರಕ್ಕೆ ತೆರೆದುಕೊಂಡಿತು.

"ಅಯ್ಯೋ ಶಿವನೇ! ಇನ್ಯಾರು ಬಿದ್ದೋದ್ರು?" ಜವಾನ ಸಿದ್ದಲಿಂಗಸ್ವಾಮಿ ಒಂದು ಕಾಲಿನ ಚಪ್ಪಲಿ ಬಿಟ್ಟೇ ಓಡಿ ಬಂದಿದ್ದ. ಮುಂದೆ ಬಿದ್ದಿದ್ದ ಬೆಡ್‌ಶೀಟಿನ ಗಂಟನ್ನು ನೋಡಿ ಅವನ ಬಾಯಿ ಹಾಗೇ ತೆರೆದುಕೊಂಡಿತು.

"ಯಾರೂ ಬಿದ್ದಿಲ್ಲ. ಹಳೇ ಹಾಡಿನ ಪುಸ್ತಕಗಳು. ನಾನೇ ತಳ್ಳಿದ್ದು."

"ತಳ್ಳಿದ್ರಾ? ನನ್ನ ಎದೆ ಒಡ್ದೋಯ್ತಲ್ಲ ಅಮ್ಮಾವ್ರೇ! ಇನ್ನೊಂದು ಹೆಣ ಬಿತ್ತು ಅಂದ್ಕೊಂಡ್ಬುಟ್ಟೆ."

"ಮೊದಲನೇದೇ ಇನ್ನೂ ಹೆಣ ಆಗಿಲ್ಲ. ಬಾಯಿ ತೊಳ್ಕೊಳ್ಳಿ."

ಬುಧವಾರ ಸಂಜೆ ನಾಲ್ಕಕ್ಕೆ, ಇದೇ ಮೆಟ್ಟಿಲುಗಳ ಬುಡದಲ್ಲಿ ಸಂತ ವೆರೋನಿಕಾ ಪ್ರೌಢಶಾಲೆಯ ಸಂಗೀತದ ಚೌರಪ್ಪ ಮಾಸ್ತರು ತಲೆಯೊಡೆದು ಬಿದ್ದಿದ್ದರು. ಇವತ್ತು ಶುಕ್ರವಾರ, ಆಸ್ಪತ್ರೆಯಲ್ಲಿ ಅವರು ಇನ್ನೂ ಕಣ್ಣು ಬಿಟ್ಟಿಲ್ಲ. ದೂಡಿದವಳು ಒಂಬತ್ತನೇ ತರಗತಿಯ ಪವಿತ್ರ ಎಂದು ಇಡೀ ಶಾಲೆ ಆಗಲೇ ತೀರ್ಮಾನಿಸಿಯಾಗಿತ್ತು. ಮೂರು ಗಂಟೆಗೆ ಸಮಿತಿ ಸೇರಿ ಅವಳ ಕೈಗೆ ಟಿ.ಸಿ. ಕೊಡುವುದು, ಸಂಜೆಯೊಳಗೆ ದೂರು ಪೊಲೀಸ್ ಠಾಣೆಗೆ ಹೋಗುವುದು.

ಈಗ ಒಂದೂಕಾಲು.

ಮೂವತ್ತೊಂದು ವರ್ಷ ಇಲಾಖೆಯಲ್ಲಿದ್ದು ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದ ಲಕ್ಷ್ಮಮ್ಮನನ್ನು ಕರೆಸಿದ್ದವರು ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಜೆಸಿಂತಾ. 'ಪೊಲೀಸರ ಕೈಗೆ ಹೋಗೋ ಮುಂಚೆ ನಮ್ಮ ಸಮಾಧಾನಕ್ಕೆ ಒಂದು ಸಲ ನೋಡಿಬಿಡಿ' ಎಂದಿದ್ದರು. ಅವರು ಕೊಟ್ಟ ಸಮಯ ಎರಡು ದಿನ. ಅದರಲ್ಲಿ ಒಂದೂಮುಕ್ಕಾಲು ಗಂಟೆ ಉಳಿದಿತ್ತು.

ಲಕ್ಷ್ಮಮ್ಮ ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು.

"ಸ್ವಾಮಿಗಳೇ, ನೀವೀಗ ಎಲ್ಲಿದ್ರಿ?"

"ಅಲ್ಲೇ, ಗಂಟೆ ಹತ್ರ. ಸ್ಟೂಲ್ ಮೇಲೆ." ವರಾಂಡದ ಆ ತುದಿಯಲ್ಲಿ ಹಿತ್ತಾಳೆಯ ಗಂಟೆ ನೇತಾಡುತ್ತಿತ್ತು. ಇಪ್ಪತ್ತು ಹೆಜ್ಜೆಯೂ ಇಲ್ಲ.

"ಬುಧವಾರ?"

"ಅಲ್ಲೇ. ಮೂರೂವರೆವರೆಗೂ ಮೈದಾನದಲ್ಲಿ ಬ್ಯಾಂಡ್ ಕ್ಲಬ್‌ನೋರ ಡ್ರಮ್ಮು. ವಿಜಯ್‌ಕುಮಾರ್ ಮೇಷ್ಟ್ರು ಹುಡುಗ್ರ ಕೈಲಿ ಬಾರಿಸಿದ್ದೂ ಬಾರಿಸಿದ್ದೇ, ಕಿವಿ ತೂತು ಬಿದ್ದೋಗ್ಬೇಕು. ಅದು ನಿಂತ ಮೇಲೆ ಬಂದು ಕೂತೆ. ನಾಲ್ಕಕ್ಕೆ ಗಂಟೆ ಹೊಡೆಯೋಗಂಟ ಅಲ್ಲಾಡ್ಲಿಲ್ಲ."

"ಆ ಅರ್ಧ ಗಂಟೇಲಿ ಇಂಥ ಸದ್ದೊಂದು ಕೇಳಿಸ್ತಾ?"

ಸಿದ್ದಲಿಂಗಸ್ವಾಮಿ ಗಂಟನ್ನೂ ಬಾಗಿಲನ್ನೂ ನೋಡಿದ. 

"ಪುಸ್ತಕದ ಗಂಟು ಹದಿನೈದು ಕೆಜಿ ಇರಬಹುದು. ಮಾಸ್ತರು ಎಪ್ಪತ್ತು ಕೆಜಿ. ಹದಿನೈದು ಕೆಜಿಗೆ ಒಂಟಿ ಚಪ್ಪಲೀಲಿ ಓಡಿ ಬಂದೋರು, ಎಪ್ಪತ್ತಕ್ಕೆ ಯಾಕೆ ಬರಲಿಲ್ಲ?"

"ಕೇಳ್ಸಿದ್ರೆ ಬರ್ತಿದ್ದೆ ಕಣಮ್ಮ! ದೇವ್ರಾಣೆ, ಕೇಳ್ಸಲಿಲ್ಲ."

"ಹಾಗಾದ್ರೆ ಅವರು ಬಿದ್ದಿದ್ದು ನೀವು ಬಂದು ಕೂರೋಕೆ ಮುಂಚೆ. ಡ್ರಮ್ಮಿನ ಸದ್ದಿನಲ್ಲಿ."

"ಅದೆಂಗಾಗ್ತದೆ?" ಅವನ ದನಿ ಏರಿತು. "ಮೂರೂಮುಕ್ಕಾಲಲ್ಲಿ ಮೇಲೆ ಹಾಡ್ತಿದ್ರಲ್ಲ! ಮಾಸ್ತರ ಹಾರ್ಮೋನಿಯಂ, ಆ ಹುಡುಗಿ ಗಂಟಲು. ನಾನೊಬ್ನೇ ಅಲ್ಲ, ಜೆಸಿಂತಾ ಸಿಸ್ಟರ್ರೂ ಕೇಳಿಸ್ಕೊಂಡ್ರು. ಅವ್ರು ಬಂದು ಇದೇ ಕಂಬಕ್ಕೆ ಒರಗಿ, ಫೋನಲ್ಲಿ ಏನೋ ನೋಡ್ತಾ ನಿಂತಿದ್ರು. 'ಸಿದ್ದಲಿಂಗು, ಪವಿತ್ರ ಎಷ್ಟು ಚೆನ್ನಾಗಿ ಹಾಡ್ತಾಳೆ ಅಲ್ವಾ' ಅಂದ್ರು."

ಇದೇ ಮಾತು ಎರಡು ದಿನದಿಂದ ಹುಡುಗಿಯ ಕುತ್ತಿಗೆಗೆ ಸುತ್ತಿಕೊಂಡಿತ್ತು. ಅವತ್ತು ಮಾಸ್ತರು ಗಾಯನ ವೃಂದದ ಉಳಿದವರಿಗೆ ರಜೆ ಕೊಟ್ಟು ಪವಿತ್ರಳೊಬ್ಬಳನ್ನೇ ನಾಲ್ಕಕ್ಕೆ ಬರಹೇಳಿದ್ದರು. ಮಧ್ಯಾಹ್ನವೇ ಹಲಗೆಗೆ ಹಚ್ಚಿದ ಪಟ್ಟಿಯಲ್ಲಿ, ಪಾಸ್ಕ ಹಬ್ಬದ, ಅಂದರೆ ಈಸ್ಟರಿನ, ಸೋಲೋ ಹಾಡಿಗೆ ಅವಳ ಹೆಸರು ಹೊಡೆದು ಅಕ್ಷತಾಳ ಹೆಸರು ಬರೆದಿತ್ತು. ಹುಡುಗಿಗೆ ಸಿಟ್ಟು ಬರಲು ಅಷ್ಟು ಸಾಕು. ತಾನು ಮೂರೂವರೆಯ ತನಕ ತೋಟದಲ್ಲಿ ಪರಿಸರ ಕ್ಲಬ್ಬಿನವರ ಜೊತೆ ಇದ್ದೆ, ಆಮೇಲೆ ಗೊಬ್ಬರದ ಗುಂಡಿಯ ಪಕ್ಕ ಒಬ್ಬಳೇ ಕೂತಿದ್ದೆ, ಗಂಟೆ ಹೊಡೆದ ಮೇಲೆ ಬಾಗಿಲು ತೆಗೆದರೆ ಮಾಸ್ತರು ಬಿದ್ದಿದ್ದರು ಎನ್ನುತ್ತಾಳೆ. ಮೂರೂವರೆವರೆಗಿನದಕ್ಕೆ ಹದಿನೈದು ಮಕ್ಕಳ ಸಾಕ್ಷಿಯಿದೆ. ಆಮೇಲಿನ ಅರ್ಧ ಗಂಟೆಗೆ ಇರುವುದು ಮಹಡಿಯಿಂದ ಕೇಳಿಸಿದ ಅವಳ ದನಿ ಮಾತ್ರ.

"ಏನು ಹಾಡು ಅದು?" ಲಕ್ಷ್ಮಮ್ಮ ಕೇಳಿದಳು.

"ಅದೇ, ಅಲ್ಲೆಲೂಯ ಅಲ್ಲೆಲೂಯ ಅಂತ." ಸಿದ್ದಲಿಂಗಸ್ವಾಮಿ ತನಗೆ ಗೊತ್ತಿಲ್ಲದೆಯೇ ಎರಡು ಸಾಲು ಗುನುಗಿಬಿಟ್ಟ. "ಜೂನ್‌ನಲ್ಲಿ ಇಲ್ಲಿಗೆ ಸೇರ್ದೆ. ಅದಕ್ಕೆ ಮುಂಚೆ ಮಠದ ಸ್ಕೂಲಲ್ಲಿ ಇಪ್ಪತ್ತು ವರ್ಷ ವಚನ ಕೇಳಿದ ಕಿವಿ ಇದು. ಈಗ ಮನೇಲಿ ಸ್ನಾನ ಮಾಡ್ವಾಗ ಅಲ್ಲೆಲೂಯ ಬಂದ್ಬುಡ್ತದೆ. ಹೆಂಡ್ತಿ ಬೈತಾಳೆ."

"ಬೇರೆ ಏನಾದ್ರೂ?"

"ಬೇರೇನಿಲ್ಲ. ಆಂ, ಮಧ್ಯದಲ್ಲಿ ಯಾವ್ದೋ ಕೂಸು ಅತ್ತಂಗಾಯ್ತು. ಹಿಂದಿನ ಬೀದಿ ಮನೇದಿರ್ಬೇಕು."

ಲಕ್ಷ್ಮಮ್ಮ ಹಿಂದಿನ ಬೀದಿಯನ್ನು ಬೆಳಿಗ್ಗೆ ತಾನೇ ನೋಡಿ ಬಂದಿದ್ದಳು. ಅಲ್ಲಿದ್ದದ್ದು ಒಂದು ಟೈರ್ ಅಂಗಡಿ ಮತ್ತು ಖಾಲಿ ಸೈಟು.

*

ಮಹಡಿಯ ಸಂಗೀತದ ಕೋಣೆಯಲ್ಲಿ ಒಬ್ಬಳು ಹುಡುಗಿ ಬೀರುವಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಏನನ್ನೋ ಹುಡುಕುತ್ತಿದ್ದಳು. ಲಕ್ಷ್ಮಮ್ಮನನ್ನು ಕಂಡು ಥಟ್ಟನೆ ಎದ್ದು ನಿಂತಳು.

"ನಾನು ಕದಿಯೋಕೆ ಬಂದಿಲ್ಲ. ಹಿಂದಿನ ಮೆಟ್ಟಿಲಿಂದ ಬಂದೆ. ನನ್ನ ಹಾಡಿನ ಪುಸ್ತಕ ಇಲ್ಲೇ ಇತ್ತು."

"ಹಿಂದೆ ಬೇರೆ ಮೆಟ್ಟಿಲಿದೆಯಾ?"

"ಚಾಪೆಲ್ ಕಡೆಯಿಂದ. ಸಿಸ್ಟರ್‌ಗಳು, ನಾವು ಗಾಯನ ವೃಂದದೋರು ಮಾತ್ರ ಹತ್ತೋದು. ಬೀಗ ಇರತ್ತೆ, ಇವತ್ತು ಶಿಲುಬೆ ಹಾದಿ ಪ್ರಾರ್ಥನೆಗೆ ತೆಗ್ದಿದಾರೆ."

ಇವಳೇ ಅಕ್ಷತಾ. ವಿದ್ಯಾರಣ್ಯಪುರಂನಿಂದ ಬರುವ ಹುಡುಗಿ, ಹಣೆಯಲ್ಲಿ ತೆಳ್ಳಗೆ ವಿಭೂತಿ, ಎದೆಯ ಮೇಲೆ ಗಾಯನ ವೃಂದದ ನೀಲಿ ಬ್ಯಾಡ್ಜು. ಸೋಲೋ ಸಿಕ್ಕಿದ ಖುಷಿ ಮುಖದಲ್ಲಿ ಹುಡುಕಿದರೂ ಕಾಣಲಿಲ್ಲ.

"ಪವಿತ್ರ ನಿನ್ನ ಸ್ನೇಹಿತೆಯೇನಮ್ಮ?"

"ಅಲ್ಲ." ಹುಡುಗಿ ಮುಚ್ಚುಮರೆಯಿಲ್ಲದೆ ಹೇಳಿದಳು. "ಅವಳ ಜೊತೆ ಹಾಡೋದು ಕಷ್ಟ ಆಂಟಿ. ಒಂದು ಸ್ವರ ತಪ್ಪಿದ್ರೆ ತಿರುಗಿ ನೋಡ್ತಾಳೆ. ಬೈಯಲ್ಲ, ಬರೀ ನೋಡ್ತಾಳೆ. ಅದೇ ಜಾಸ್ತಿ ಉರಿಯತ್ತೆ."

ಲಕ್ಷ್ಮಮ್ಮ ನಗು ತಡೆದುಕೊಂಡು ಬೀರುವಿನೊಳಗೆ ಕಣ್ಣಾಡಿಸಿದಳು. ನೀಲಿ ಶಾಲುಗಳು, ಒಡೆದ ತಂಬೂರಿ ಪೆಟ್ಟಿಗೆ, ಕೆಳಗಿನ ಅರೆಯಲ್ಲಿ ಒಂದು ಬಿಸ್ಕತ್ತಿನ ತಗಡಿನ ಡಬ್ಬ. ಡಬ್ಬದ ಬಾಯಿಗೆ ಸುತ್ತಲೂ ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರ್ ಸುತ್ತಿತ್ತು. ಅದರ ಮೇಲೆ ದುಂಡು ಅಕ್ಷರ: 'ಪಾಸ್ಕ ಹಬ್ಬದವರೆಗೆ ಮುಟ್ಟಬಾರದು. ಚೌರಪ್ಪ.'

ಲಕ್ಷ್ಮಮ್ಮ ಅದನ್ನು ಎತ್ತಿಕೊಂಡಳು. ಹಗುರವಾಗಿತ್ತು.

"ಅದನ್ನ ತೆಗೀಬೇಡಿ ಆಂಟಿ!"

"ಯಾಕೆ? ಒಳಗೇನು ಹಾವಿದೆಯಾ?"

"ಅಲ್ಲೆಲೂಯ ಇದೆ."

ಲಕ್ಷ್ಮಮ್ಮನ ಕೈ ಹಾಗೇ ನಿಂತಿತು. "ಏನಂದೆ?"

"ಅಲ್ಲೆಲೂಯ. ತಪಸ್ಸುಕಾಲ ಅಲ್ವಾ ಈಗ. ಹಬ್ಬಕ್ಕೆ ಮುಂಚೆ ನಲವತ್ತು ದಿನ ಅವರು ಉಪವಾಸ, ಪ್ರಾರ್ಥನೆ ಅಂತ ಮಾಡ್ತಾರಲ್ಲ, ಆವಾಗ ಆ ಮಾತನ್ನ ಚರ್ಚಲ್ಲಿ ಯಾರೂ ಹಾಡಲ್ಲ. ಖುಷಿ ಮಾತು ಅದು. ಶುರುವಾಗೋ ಹಿಂದಿನ ದಿನ ಮಾಸ್ತರು ನಮ್ಮೆಲ್ಲರ ಕೈಲಿ ಒಂದೊಂದು ಚೀಟಿ ಮೇಲೆ ಅಲ್ಲೆಲೂಯ ಅಂತ ಬರೆಸಿ, ಡಬ್ಬಕ್ಕೆ ಹಾಕ್ಸಿ, ಪ್ಲಾಸ್ಟರ್ ಸುತ್ತುತ್ತಾರೆ. ಹಬ್ಬದ ಜಾಗರಣೆ ದಿನ ಎಲ್ಲರ ಮುಂದೆ ಬಿಚ್ತಾರೆ. ಆಗ ಹಾಡೋದು. ನಂಗೆ ಮೈ ಜುಮ್ಮನ್ನತ್ತೆ, ನಾವು ಲಿಂಗಾಯಿತರಾದ್ರೂ."

"ಅಭ್ಯಾಸದಲ್ಲಾದರೂ ಹಾಡಬೇಕಲ್ಲ? ಇಲ್ಲದಿದ್ರೆ ಹಬ್ಬಕ್ಕೆ ಹೇಗೆ ಬರುತ್ತೆ?"

"ಅಭ್ಯಾಸದಲ್ಲೂ ಇಲ್ಲ. ಆ ಜಾಗದಲ್ಲಿ ಲಾ ಲಾ ಲಾ ಅನ್ನಬೇಕು. ಬೇರೆ ಸ್ಕೂಲಲ್ಲಿ ಅಷ್ಟೆಲ್ಲ ನೋಡಲ್ವಂತೆ. ಇದು ನಮ್ಮ ಮಾಸ್ತರ ಕಾನೂನು. ಬಾಯಿ ತಪ್ಪಿ ಬಂದ್ರೆ ಒಂದು ವಾರ ಕೋಣೆ ಗುಡಿಸಬೇಕು. ಈ ಸಲ ನಾನೇ ಎರಡು ವಾರ ಗುಡಿಸಿದೀನಿ."

"ಪವಿತ್ರ?"

"ಅವಳಾ?" ಅಕ್ಷತಾ ಮೂಗು ಮುರಿದಳು. "ಅವಳು ಮಾಸ್ತರಿಗಿಂತ ಒಂದು ಕೈ ಮೇಲು. ನಿದ್ದೇಲೂ ಲಾ ಲಾ ಅಂತಾಳೆ."

ಲಕ್ಷ್ಮಮ್ಮ ಡಬ್ಬವನ್ನು ಎಲ್ಲಿತ್ತೋ ಅಲ್ಲೇ ಇಟ್ಟಳು. ಇಟ್ಟ ಮೇಲೂ ಸ್ವಲ್ಪ ಹೊತ್ತು ಬಾಗಿಯೇ ಇದ್ದಳು.

ತಪಸ್ಸುಕಾಲದ ಬುಧವಾರ, ಮಾಸ್ತರ ಕೋಣೆಯಲ್ಲಿ, ಮಾಸ್ತರ ಹಾರ್ಮೋನಿಯಂ ಜೊತೆಗೆ, ನಿದ್ದೆಯಲ್ಲೂ ಆ ಮಾತಾಡದ ಹುಡುಗಿ ಗಂಟಲೆತ್ತಿ ಅಲ್ಲೆಲೂಯ ಹಾಡಿದಳಂತೆ. ಅವಳು ಹಾಡಿರಬಹುದು. ಆದರೆ ಈ ವರ್ಷವಲ್ಲ.

ಕಿಟಕಿಯ ಪಕ್ಕದ ಮೇಜಿನ ಮೇಲೆ, ಮಡಕೆಯಷ್ಟು ಗಾತ್ರದ ಕಪ್ಪು ಸ್ಪೀಕರ್ ಒಂದು ಕೂತಿತ್ತು. ಬೆನ್ನಿಗೆ ಚೀಟಿ ಅಂಟಿಸಿತ್ತು: 'ಮೀಡಿಯಾ ಕ್ಲಬ್.'

*

ಮೀಡಿಯಾ ಕ್ಲಬ್ ಎಂದರೆ ಕಂಪ್ಯೂಟರ್ ಕೋಣೆಯ ಅರ್ಧ ಭಾಗ. ಶಾಲೆಯ ಸಮಾರಂಭಗಳನ್ನೆಲ್ಲ ಚಿತ್ರೀಕರಿಸುವುದು, ಧ್ವನಿ ಮುದ್ರಿಸುವುದು ಅವರ ಕೆಲಸ. ನೋಡಿಕೊಳ್ಳುವವನು ನಾಗಾರ್ಜುನ, ಇಪ್ಪತ್ತೆಂಟರ ಹುಡುಗ, ಇನ್ನೂ ಕಾಯಂ ಆಗಿರದ ಮೇಷ್ಟ್ರು.

"ಹೋದ ವರ್ಷದ ಪಾಸ್ಕ ಹಬ್ಬದ ಹಾಡು ಬೇಕಾಗಿತ್ತು ಮೇಷ್ಟ್ರೇ," ಲಕ್ಷ್ಮಮ್ಮ ಕುರ್ಚಿ ಎಳೆದುಕೊಂಡು ಕೂತಳು.

"ಯಾವುದು ಮೇಡಂ? ತುಂಬಾ ಇದಾವೆ. ಹುಡುಕಬೇಕು. ನಾಳೆ ಕೊಡ್ಲಾ?"

"ನಾನು ಕಾಯ್ತೀನಿ."

"ಈಗ ಕ್ಲಾಸಿದೆ ನಂಗೆ."

"ನಿಮ್ಮ ಕ್ಲಾಸು ಎರಡೂವರೆಗೆ. ಬಾಗಿಲಲ್ಲೇ ವೇಳಾಪಟ್ಟಿ ಹಾಕಿದೀರಿ." ಲಕ್ಷ್ಮಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. "ನಂಗೇನೂ ಅವಸರ ಇಲ್ಲ. ಅವಸರ ಇರೋದು ಆ ಹುಡುಗಿಗೆ."

ನಾಗಾರ್ಜುನ ಮೌಸ್ ಹಿಡಿದ. ಮೂರನೆಯ ಕ್ಲಿಕ್ಕಿಗೇ ಹಾಡು ಸಿಕ್ಕಿಬಿಟ್ಟಿತು. ಹುಡುಕಬೇಕು ಎಂದದ್ದು ಸುಳ್ಳು ಎಂದು ಇಬ್ಬರಿಗೂ ಗೊತ್ತಾಯಿತು.

ಹಾರ್ಮೋನಿಯಂ ಮೊದಲು. ಆಮೇಲೆ ಆ ದನಿ. ತಿಳಿಯಾಗಿ, ಒಂದಿಷ್ಟೂ ಅವಸರವಿಲ್ಲದೆ ಮೇಲಕ್ಕೇರಿತು. ಅಲ್ಲೆಲೂಯ, ಅಲ್ಲೆಲೂಯ. ಮೂರನೆಯ ಸಾಲಿಗೆ ಬರುವಾಗ, ದೂರದಲ್ಲಿ ಎಲ್ಲೋ, ಒಂದು ಕೂಸು ಅತ್ತಿತು. ಹಬ್ಬದ ಪೂಜೆಗೆ ಯಾರೋ ಎತ್ತಿಕೊಂಡು ಬಂದ ಕೂಸು.

"ನಿಲ್ಲಿಸಿ."

ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯಿತು.

"ಬುಧವಾರ ನಮ್ಮ ಸಿದ್ದಲಿಂಗಸ್ವಾಮಿ ಕೇಳಿದ ಕೂಸು ಇದೇ," ಎಂದಳು ಲಕ್ಷ್ಮಮ್ಮ. "ನೀವು ಬುಧವಾರ ಎಲ್ಲಿದ್ರಿ?"

"ಇಲ್ಲೇ."

"ಈ ಕಿಟಕಿಯಿಂದ ಆ ಮಹಡಿ ಕಾಣತ್ತೆ. ಹಾಡು ಕೇಳಿಸಿರಬೇಕು."

"ಗಮನ ಕೊಡಲಿಲ್ಲ."

"ಈ ಹಾಡನ್ನ ಕತ್ತರಿಸಿ, ಅಂಟಿಸಿ, ಶಾಲೆಯ ಚಾನೆಲ್ಲಿಗೆ ಹಾಕಿದ್ದು ಯಾರು?"

"ನಾನೇ."

"ಎಷ್ಟು ಸಲ ಕೇಳಿರಬಹುದು ಇದನ್ನ?"

"ನೂರು ಸಲ." ಮಾತು ಬಾಯಿಂದ ಬಿದ್ದ ಮೇಲೆ ಅವನು ಕಣ್ಣು ಮುಚ್ಚಿಕೊಂಡ. "ಆ ಮಗು ಅಳೋದನ್ನ ತೆಗೆಯೋಕೆ ಎರಡು ದಿನ ಒದ್ದಾಡಿದೆ. ಆಗಲಿಲ್ಲ."

"ಹಾಗಾದ್ರೆ ಬುಧವಾರ ಒಂದೇ ಕ್ಷಣಕ್ಕೆ ಗೊತ್ತಾಗಿದೆ ನಿಮಗೆ. ಇದು ಆ ಹುಡುಗಿ ಹಾಡ್ತಿರೋದಲ್ಲ, ನಿಮ್ಮ ಸ್ಪೀಕರ್ ಡಬ್ಬದಿಂದ ಬರ್ತಿರೋದು ಅಂತ. ಗುರುವಾರ ಬೆಳಿಗ್ಗೆ ಪ್ರಾರ್ಥನೆ ಸಾಲಲ್ಲಿ ಎಲ್ಲರೂ ಅವಳನ್ನ ಕಣ್ಣಲ್ಲೇ ಸುಡ್ತಿದ್ರು. ನೀವೂ ಅಲ್ಲಿದ್ರಿ. ಯಾಕಪ್ಪ ಬಾಯಿ ಬಿಡಲಿಲ್ಲ?"

ನಾಗಾರ್ಜುನ ಮೌಸನ್ನು ಪಕ್ಕಕ್ಕೆ ಸರಿಸಿದ.

"ಅವಳಪ್ಪ ಮಹದೇವು ಮಂಡಕಳ್ಳಿಯೋನು. ಟೈಲ್ಸ್ ಹಾಕೋ ಕೆಲಸ. ನಿನ್ನೆಯಿಂದ ಕೆಲಸಕ್ಕೆ ಹೋಗದೆ ಆ ಹೊಂಗೆ ಮರದ ಕೆಳಗೆ ಕೂತಿದಾನೆ. ಇಲ್ಲಿಂದ ಕಾಣ್ತಾನೆ, ನೋಡಿ. ನೋಡಪ್ಪ ಒಂದ್ಸಲ."

ಅವನು ನೋಡಲಿಲ್ಲ. "ನನ್ನ ಮೇಲೆ ಬರ್ತಿತ್ತು ಮೇಡಂ. ಆ ಸ್ಪೀಕರ್ ಕೋಣೆಯಿಂದ ಹೊರಗೆ ಕೊಡಬಾರದು ಅಂತ ನಿಯಮ ಇದೆ. ಮಾಸ್ತರು ಕೇಳಿದ್ರು ಅಂತ ಸೋಮವಾರ ಕೊಟ್ಟಿದ್ದೆ."

"ನೌಕರಿ ಹೋಗತ್ತೆ ಅಂತ ಹೆದರಿದ್ರಿ. ಸರಿ. ಆದ್ರೆ ಒಬ್ಬ ಹುಡುಗಿಯ ಬದುಕು ಹಾಳಾಗ್ತಿರುವಾಗ ಅದೊಂದೇ ಕಾರಣಕ್ಕೆ ಸುಮ್ಮನಿರೋನ ಹಾಗೆ ನೀವು ಕಾಣಲ್ಲ. ಬೇರೆ ಏನೋ ಇದೆ."

ಅವನು ಮೇಜಿನ ಖಾನೆ ಎಳೆದ. ಒಳಗಿನಿಂದ ಉದ್ದನೆಯ ನೋಟ್‌ಬುಕ್ ಒಂದು ಹೊರಬಂತು.

"ಮೊದಲು ಒಂದು ಹೇಳ್ತೀನಿ. ಆ ಸ್ಪೀಕರ್‌ಗೆ ತಂತಿ ಬೇಡ. ಹಾಡು ಫೋನಲ್ಲಿದ್ರೆ ಮೂವತ್ತು ಅಡಿ ದೂರದಿಂದಲೇ ನುಡಿಸಬಹುದು. ನುಡಿಸಿದವರು ಮೇಲೆ ಕೋಣೇಲಿ ಇರಬೇಕಾಗಿಲ್ಲ. ಆದ್ರೆ ಮೂವತ್ತು ಅಡಿಯೊಳಗೆ ಎಲ್ಲೋ ಇರಲೇಬೇಕು."

"ಹಾಡು ಅವರ ಫೋನಿಗೆ ಬಂದದ್ದೆಲ್ಲಿಂದ? ಚಾನೆಲ್ಲಿಂದ ಇಳಿಸ್ಕೊಂಡಿರಬಹುದಲ್ಲ?"

"ಚಾನೆಲ್ಲಿನಲ್ಲಿರೋದು ಬೇರೆ. ಅದರಲ್ಲಿ ಮಗು ಅಳೋ ಸಾಲನ್ನೇ ಕತ್ತರಿಸಿಬಿಟ್ಟೆ ನಾನು. ಮಗು ಇರೋ ಪೂರ್ತಿ ಹಾಡು ಇರೋದು ಈ ಕಂಪ್ಯೂಟರಲ್ಲಿ ಮಾತ್ರ. ಇಲ್ಲಿಂದ ಯಾರೇ ಪ್ರತಿ ತಗೊಂಡ್ರೂ ಈ ಪುಸ್ತಕದಲ್ಲಿ ತಮ್ಮ ಕೈಯಾರೆ ಬರೆದು ಸಹಿ ಹಾಕಬೇಕು. ಇಡೀ ವರ್ಷಕ್ಕೆ ಆ ಹಾಡಿನ ಪ್ರತಿ ಹೋಗಿರೋದು ಒಂದೇ."

ಅವನು ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿದ.

ಕಡೆಯಿಂದ ಎರಡನೆಯ ಸಾಲು. ಸೋಮವಾರದ ತಾರೀಕು. 'ಪಾಸ್ಕ ಹಬ್ಬದ ಹಾಡು, ಪೂರ್ತಿ. ಪೆನ್‌ಡ್ರೈವ್ ಒಂದು.' ಅದರ ಮುಂದೆ, ಓರಣವಾದ ಅಕ್ಷರದಲ್ಲಿ, 'ಪವಿತ್ರ ಎಂ., ಒಂಬತ್ತು ಬಿ.'

ಲಕ್ಷ್ಮಮ್ಮ ಬೆಳಿಗ್ಗೆ ಆ ಹುಡುಗಿಯ ಕೈಲಿ ಎರಡು ಪುಟ ಹೇಳಿಕೆ ಬರೆಸಿಕೊಂಡಿದ್ದಳು. ಚೀಲದಿಂದ ಅದನ್ನು ತೆಗೆದು ಪಕ್ಕದಲ್ಲಿಟ್ಟಳು. ಎರಡೂ ಕಡೆ 'ಪ'ದ ಹೊಟ್ಟೆ ಒಂದೇ ಥರ ಉಬ್ಬಿತ್ತು.

"ಇದಕ್ಕೇ ಮೇಡಂ," ಎಂದ ನಾಗಾರ್ಜುನ. "ಅದು ಡಬ್ಬದ ಹಾಡು ಅಂತ ನಾನು ಹೇಳಿದ್ರೆ ಈ ಪುಸ್ತಕ ತೋರಿಸಲೇಬೇಕು. ಹೇಳದಿದ್ರೆ ಅವಳು ಸಿಟ್ಟಲ್ಲಿ ತಳ್ಳಿದಳು ಅಂತಾರೆ, ಇನ್ನೂ ಮಗು, ಬಿಡಿ ಅಂತಾರೆ. ಹೇಳಿದ್ರೆ ಮೊದಲೇ ಹಂಚಿಕೆ ಹಾಕಿ ಮಾಡಿದಳು ಅಂತಾರೆ. ಯಾವುದು ಮೇಲು, ನೀವೇ ಹೇಳಿ."

*

ಗಂಟೆ ಎರಡು ಐವತ್ತು. ಹೊಂಗೆ ಮರದ ನೆರಳು ಗೋಡೆಯ ಕಡೆಗೆ ಸರಿದಿತ್ತು. ಮಹದೇವು ನೆರಳಿನ ಜೊತೆ ಸರಿಯದೆ ಬಿಸಿಲಿನಲ್ಲೇ ಕೂತಿದ್ದ. ಅವನ ಕಾಲ್ಬೆರಳುಗಳ ಸಂದಿಯಲ್ಲಿ ಸಿಮೆಂಟು ಬೆಳ್ಳಗೆ ಒಣಗಿತ್ತು. ಪಕ್ಕದಲ್ಲಿ ಪವಿತ್ರ. ಬ್ಯಾಡ್ಜ್ ಕಿತ್ತ ಜಾಗದಲ್ಲಿ ಎರಡು ಸಣ್ಣ ತೂತುಗಳಿದ್ದವು.

"ಅಕ್ಕಾ, ಏನಾದ್ರೂ ಸಿಕ್ತಾ?" ಮಹದೇವು ಎದ್ದ. "ಅವ್ಳು ಇರುವೆ ತುಳಿಯೋ ಮಗು ಅಲ್ಲ ಕಣಕ್ಕ. ಟಿ.ಸಿ. ಕೊಟ್ರೆ ಎಲ್ಲಿಗೆ ಸೇರಿಸ್ಲಿ? ಯಾರು ಸೇರುಸ್ಕೋತಾರೆ ಮೇಷ್ಟ್ರನ್ನ ತಳ್ಳಿದೋಳನ್ನ?"

"ಕೂತ್ಕೊಳಪ್ಪ. ಮಗೂ, ಸೋಮವಾರ ನಾಗಾರ್ಜುನ ಮೇಷ್ಟ್ರ ಹತ್ರ ಒಂದು ಪೆನ್‌ಡ್ರೈವ್ ತಗೊಂಡ್ಯಾ?"

ಪವಿತ್ರಳ ಮುಖದಲ್ಲಿ ಭಯ ಕಾಣಲಿಲ್ಲ. ಬರೀ ಗೊಂದಲ. "ಹೂಂ. ಯಾಕೆ?"

"ಎಲ್ಲಿದೆ ಅದು?"

"ಕೊಟ್ಟುಬಿಟ್ಟೆ."

"ಯಾರಿಗೆ?"

ಹುಡುಗಿ ಚಾಪೆಲ್ ಕಡೆಗೊಮ್ಮೆ ನೋಡಿ ಕಣ್ಣು ತಗ್ಗಿಸಿದಳು.

"ಹೇಳ್ಬುಡವ್ವ," ಮಹದೇವುವಿನ ದನಿ ಒಡೆಯಿತು. "ಏನಿದ್ರೂ ಹೇಳ್ಬುಡು."

"ಮಾಸ್ತರ ನಿವೃತ್ತಿ ದಿನ ಹಾಕೋಕೆ ಬೇಕು ಅಂದ್ರು. ಅವರಿಗೆ ಮೊದಲೇ ಗೊತ್ತಾಗಬಾರದು ಅಂದ್ರು. ಯಾರಿಗೂ ಹೇಳಲ್ಲ ಅಂತ ಚಾಪೆಲ್‌ನಲ್ಲಿ ಶಿಲುಬೆ ಮುಟ್ಟಿ ಮಾತು ಕೊಟ್ಟಿದೀನಿ. ಅಷ್ಟೇ. ಅದಕ್ಕೂ ಮಾಸ್ತರು ಬಿದ್ದಿದ್ದಕ್ಕೂ ಸಂಬಂಧ ಇಲ್ಲ."

"ಇದೆ ಮಗೂ. ಬುಧವಾರ ಮೇಲೆ ಹಾಡಿದ್ದು ಅದೇ ಪೆನ್‌ಡ್ರೈವ್. ನಿನ್ನ ದನಿಯನ್ನ ನಿನ್ನ ಮೇಲೇ ಎತ್ತಿ ಕಟ್ಟಿದಾರೆ."

ಪವಿತ್ರ ಅವಳನ್ನೇ ನೋಡಿದಳು. ಅಕ್ಷತಾ ಹೇಳಿದ್ದ ನೋಟ ಇದೇ ಇರಬೇಕು. ಸ್ವರ ತಪ್ಪಿದವರನ್ನು ನೋಡುವ ನೋಟ. "ಅವರು ಹಾಗೆ ಮಾಡಲ್ಲ," ಎಂದಳು. "ಅವರಿಲ್ಲದಿದ್ರೆ ನಾನು ಈ ಸ್ಕೂಲಿಗೇ ಬರ್ತಿರಲಿಲ್ಲ."

ಯಾರು ಎಂದು ಕೇಳಲು ಲಕ್ಷ್ಮಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ವರಾಂಡದಿಂದ ಕರೆ ಬಂತು.

"ಲಕ್ಷ್ಮಮ್ಮನವರೇ, ಸಮಿತಿಯವರು ಬಂದಿದ್ದಾರೆ. ಐದು ನಿಮಿಷ ಇದೆ."

ಸಿಸ್ಟರ್ ಜೆಸಿಂತಾ ಬುಧವಾರ ಒರಗಿ ನಿಂತಿದ್ದ ಅದೇ ಕಂಬದ ಪಕ್ಕದಲ್ಲಿ ನಿಂತಿದ್ದರು. ಅರುವತ್ತರ ಹತ್ತಿರದ ಶಾಂತವಾದ ಮುಖ. ಎರಡು ರಾತ್ರಿ ನಿದ್ದೆಗೆಟ್ಟ ಗುರುತು ಕಣ್ಣ ಕೆಳಗಿತ್ತು. ಲಕ್ಷ್ಮಮ್ಮ ಮೆಟ್ಟಿಲು ಹತ್ತಿ ಅವರ ಎದುರು ನಿಂತಳು. ಆ ಕಂಬದಿಂದ ಮೇಲಿನ ಕಿಟಕಿಗೆ ಕಣ್ಣಲ್ಲೇ ಅಳೆದಳು. ಹದಿನೈದು ಅಡಿ. ಹೆಚ್ಚೆಂದರೆ ಹದಿನೆಂಟು.

"ಏನಾದರೂ ಗೊತ್ತಾಯಿತೇ?" ಸಿಸ್ಟರ್ ಮೆಲ್ಲಗೆ ಕೇಳಿದರು. "ನಾನು ಪ್ರಾರ್ಥನೆ ಮಾಡುತ್ತಲೇ ಇದ್ದೇನೆ. ಆ ಮಗುವಿನ ಮೇಲೆ ಇದು ಬರಬಾರದಿತ್ತು."

"ಒಂದು ಸಣ್ಣ ವಿಷಯ ಸಿಸ್ಟರ್. ನಿಮ್ಮ ಹೇಳಿಕೆಯಲ್ಲಿ 'ಪವಿತ್ರ ಹಾಡುತ್ತಿದ್ದದ್ದು ಕೇಳಿಸಿತು' ಅಂತ ಅಷ್ಟೇ ಇದೆ. ಸಮಿತಿಯವರು ಕೇಳಬಹುದು. ಏನು ಹಾಡ್ತಿದ್ಲು?"

"ಪಾಸ್ಕ ಹಬ್ಬದ ಹಾಡು."

"ಅದರ ಮಾತು? ಕಿವಿಗೆ ಬಿದ್ದದ್ದು ಹಾಗೇ ಹೇಳಿ."

ಸಿಸ್ಟರ್ ಕೊರಳಿನ ಶಿಲುಬೆಯನ್ನು ಹಿಡಿದುಕೊಂಡರು. ಒಂದು ಗಳಿಗೆ ಯೋಚಿಸಿದರು. ಒಂದೇ ಗಳಿಗೆ.

"ಮಾತೇನಿಲ್ಲ. ತಪಸ್ಸುಕಾಲ ಅಲ್ಲವೇ. ಲಾ ಲಾ ಎಂದೇ ಹಾಡುತ್ತಿದ್ದಳು, ಪಾಪ."

ವರಾಂಡದ ತುದಿಯಲ್ಲಿ ಗಂಟೆಯ ಹಗ್ಗ ಹಿಡಿದು ನಿಂತಿದ್ದ ಸಿದ್ದಲಿಂಗಸ್ವಾಮಿ ತಿರುಗಿದ. ಅವನ ತುಟಿ ಅಲುಗಿತು. ಲಕ್ಷ್ಮಮ್ಮ ಸೀರೆಯ ಮರೆಯಲ್ಲಿ ಅಂಗೈ ತೋರಿಸಿ ಅವನನ್ನು ತಡೆದಳು.

ಇಬ್ಬರು, ಒಂದೇ ವರಾಂಡ, ಒಂದೇ ಹಾಡು. ಕೂಸು ಅತ್ತದ್ದನ್ನು ಕೂಡ ಸರಿಯಾಗಿ ಹೇಳಿದ ಜವಾನ ಕೇಳಿದ್ದು ಅಲ್ಲೆಲೂಯ. ಸಿಸ್ಟರ್ ಹೇಳುತ್ತಿರುವುದು ಕೇಳಿದ್ದನ್ನಲ್ಲ, ಕೇಳಬೇಕಾಗಿದ್ದನ್ನು. ಈಗ ಸಮಿತಿಯ ಮುಂದೆ ಹೋಗಿ ಹಾಡು ಡಬ್ಬದ್ದು ಎಂದರೆ, ಡಬ್ಬಕ್ಕೆ ಹಾಡು ಕೊಟ್ಟವಳು ಪವಿತ್ರ, ತಾನು ಹದಿನೈದು ಮಕ್ಕಳ ನಡುವೆ ಇದ್ದರೂ ತಳ್ಳಿದವರ ಜೊತೆ ಸೇರಿದ್ದವಳು ಎಂದಾಗುತ್ತದೆ. ಯಾರಿಗೆ ಕೊಟ್ಟೆ ಎಂಬುದನ್ನು ಪವಿತ್ರ ಬಾಯಿಬಿಟ್ಟು ಹೇಳಿದರೆ ಮಾತ್ರ ಅವಳು ಉಳಿದಾಳು. ಸಮಿತಿಯ ಅಧ್ಯಕ್ಷರ ಕುರ್ಚಿಯಲ್ಲಿ ಕೂರುವವರೋ, ಈಗ ಎದುರಿಗೆ ನಿಂತಿರುವ ಇವರೇ.

"ಬಾ ಮಗೂ," ಸಿಸ್ಟರ್ ಕೈ ಚಾಚಿದರು. "ಹೆದರಬೇಡ. ನಾನಿದ್ದೇನೆ."

"ಪವಿತ್ರಾ, ಒಂದು ನಿಮಿಷ ನಿಲ್ಲು," ಎಂದಳು ಲಕ್ಷ್ಮಮ್ಮ.

ಪವಿತ್ರ ನಿಲ್ಲಲಿಲ್ಲ. ಮೆಟ್ಟಿಲು ಹತ್ತಿ ಬಂದಳು. ಎರಡು ದಿನದಿಂದ ಯಾರ ಮುಖವನ್ನೂ ನೋಡಿ ನಗದವಳು ಸಿಸ್ಟರ ಮುಖ ನೋಡಿ ನಕ್ಕಳು, ಆ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಬಾಗಿಲು ದಾಟುವಾಗ ಹಿಂದಕ್ಕೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟು ಲಕ್ಷ್ಮಮ್ಮನಿಗೆ ತಲೆಯಾಡಿಸಿದಳು: ಕೊಟ್ಟ ಮಾತು ಮುರಿಯುವುದಿಲ್ಲ.

ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು.

ಸಿದ್ದಲಿಂಗಸ್ವಾಮಿ ಮೂರು ಸಲ ಗಂಟೆ ಹೊಡೆದ.